ಪುಟದಕ್ಕ ಬಿಟ್ಟುಹೋದ ಸಾಲು

"ಓರೆ ಮಾಡ್ರಯ್ಯಾ, ಓರೆ! ಗೋಡೆ ಕಿತ್ಕೊಂಡು ಬರ್ತಿದೆ!"

ಭಾವ ಹೀಗೆ ಕಿರುಚುವ ಹೊತ್ತಿಗೆ ಕಂಪ್ಯೂಟರಿನ ಮೇಜು ಮುಂಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ಸಿಕ್ಕಿಹಾಕಿಕೊಂಡಿತ್ತು. ಮುಂದಿನ ಕಾಲುಗಳನ್ನು ಹಿಡಿದಿದ್ದವರು ಎದುರುಮನೆಯ ಟೈಲರ್ ಮತ್ತು ಅವನ ಷಡ್ಡಕ. ಹಿಂದಿನ ಭಾರವೆಲ್ಲ ಭಾವನ ಮೇಲೆ. ಮೇಜಿನ ಮೇಲೆ ಕಂಪ್ಯೂಟರಿನ ಪರದೆ ಉರಿಯುತ್ತಲೇ ಇತ್ತು. ಅದಕ್ಕೆ ಕರೆಂಟು ಕೊಡುವ ಬ್ಯಾಟರಿ ಪೆಟ್ಟಿಗೆಯನ್ನು ತಂಗಿ ಎಳೆಗೂಸಿನಂತೆ ಎದೆಗವಚಿಕೊಂಡು ಹಿಂದೆಯೇ ಬರುತ್ತಿದ್ದಳು. ಪೆಟ್ಟಿಗೆಯೂ ಹಸಿದ ಕೂಸಿನಂತೆ ಕುಂಯ್ ಕುಂಯ್ ಎನ್ನುತ್ತಿತ್ತು.

"ಅದನ್ನೊಂದು ಆರಿಸ್ಬಾರ್ದೇನಮ್ಮಾ?" ಟೈಲರ್ ಏದುಸಿರು ಬಿಟ್ಟ.

"ಆರಿಸಲ್ಲ."

"ಅದ್ಯಾಕೆ?"

"ಅಕ್ಕ ತೆರೆದಿಟ್ಟು ಹೋಗಿದಾಳೆ."

ಟೈಲರ್ ಮೇಜನ್ನು ಇನ್ನೊಂದು ಗೇಣು ಎತ್ತಿದ. ಮೇಜು ಬಾಗಿಲ ಚೌಕಟ್ಟಿನ ಬಣ್ಣ ಕೆರೆದುಕೊಂಡು ಹೊರಬಂತು. ಬೀದಿಗೆ ಕಟ್ಟಿದ್ದ ತಾಡಪಾಲಿನ ನೆರಳಲ್ಲಿ, ಬಾಡಿಗೆಗೆ ತಂದ ಕುರ್ಚಿಗಳ ಪಕ್ಕ ಅದನ್ನು ಇಳಿಸಿ, ಟೈಲರ್ ಅಂಗಡಿಯಿಂದ ವೈರು ಎಳೆದರು. ಪೆಟ್ಟಿಗೆ ಸುಮ್ಮನಾಯಿತು.

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಂಗಡಿಯೆಂದರೆ ಇದೇ ಮೇಜು, ಈ ಕಂಪ್ಯೂಟರು, ಒಂದು ಪ್ರಿಂಟರು, ಅಕ್ಕ ಮತ್ತು ತಂಗಿ. ನಿನ್ನೆ ಮಧ್ಯಾಹ್ನ ಅಕ್ಕ ಎದೆ ಹಿಡಿದುಕೊಂಡು ಎದ್ದು, "ಸ್ವಲ್ಪ ನೋಡ್ಕೊಂಡಿರು, ಬಂದೆ" ಎಂದು ಆಟೋ ಹತ್ತಿದ್ದಳು. ಇಂದು ಆಸ್ಪತ್ರೆಯ ವ್ಯಾನಿನಲ್ಲಿ ಬರುವವಳಿದ್ದಳು. ಅವಳನ್ನು ಮಲಗಿಸಲು ಆ ಕೋಣೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

"ಬದುಕಿದ್ದಾಗ ಈ ಮೇಜು ಒಂದಿಂಚು ಆಚೀಚೆ ಮಾಡೋಕ್ ಬಿಟ್ಟೋಳಲ್ಲ ನಿಮ್ಮಕ್ಕ," ಭಾವ ಸೊಂಟಕ್ಕೆ ಕೈಯಿಟ್ಟುಕೊಂಡು ಹೇಳಿದರು. ಜೀವಮಾನವಿಡೀ ಅಚ್ಚಿನ ಮೆಷಿನ್ನಿನ ಪಕ್ಕ ನಿಂತವರು. ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತಿತ್ತು. "ಈಗ ನೋಡು, ತಾನು ಮಲಗ್ಬೇಕು ಅಂತ ಮೇಜನ್ನೇ ಬೀದಿಗೆ ಹಾಕ್ಸಿದ್ಲು!"

ತಂಗಿಗೆ ನಗು ಬಂತು. ನಗುತ್ತಿದ್ದಂತೆ ಕಣ್ಣು ತುಂಬಿತು. ಅದನ್ನು ಒರೆಸಿಕೊಳ್ಳಲು ಸೆರಗು ಎತ್ತಿದವಳು ಕೈಯಲ್ಲಿದ್ದ ಮೊಬೈಲನ್ನು ಮತ್ತೊಮ್ಮೆ ನೋಡಿದಳು. ನಗರಸಭೆಯ ಪ್ರಕಟಣೆ ಗುಮಾಸ್ತನ ಸಂದೇಶ ನಿನ್ನೆ ರಾತ್ರಿಯೇ ಬಂದಿತ್ತು. ಈ ವರ್ಷದ ದೂರವಾಣಿ ಕೈಪಿಡಿಯ ಫೈಲು ಇಂದು ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಅದರಲ್ಲಿ ನಿಮ್ಮ ಅಕ್ಕನ ಹೆಸರಿನ ಸಾಲು ಇರಕೂಡದು. ಇದ್ದರೆ ನಗರಸಭೆಯ ಕೆಲಸ ಇನ್ನು ನಿಮ್ಮ ಅಂಗಡಿಗಿಲ್ಲ.

ಅಂಗಡಿಯ ಅನ್ನ ನಗರಸಭೆಯ ಕೆಲಸದಲ್ಲಿಯೇ ಬೇಯುತ್ತಿತ್ತು. ಸಾಲು ತೆಗೆಯುವುದೂ ಕಷ್ಟದ ಕೆಲಸವಲ್ಲ, ಒಂದು ಗುಂಡಿ ಒತ್ತಿದರೆ ಮುಗಿಯಿತು. ಆದರೂ ಆ ಗುಂಡಿಯ ಹತ್ತಿರ ಹೋಗಲು ಅವಳ ಬೆರಳು ಒಪ್ಪುತ್ತಿರಲಿಲ್ಲ.

* * *

ಶೀಟು ತಂಗಿಯದು, ಪುಟ ಅಕ್ಕನದು. ಅಂಗಡಿ ತೆರೆದ ದಿನದಿಂದಲೂ ಪಾಲು ಹೀಗೆಯೇ ಇತ್ತು. ನಗರಸಭೆಯವರು ಕಳಿಸುವ ಎಕ್ಸೆಲ್ ಶೀಟು ಕಸದ ಬುಟ್ಟಿಯಂತಿರುತ್ತಿತ್ತು. ಹುದ್ದೆಯ ಕಾಲಂನಲ್ಲಿ ಹೆಸರು, ಹೆಸರಿನ ಕಾಲಂನಲ್ಲಿ ಫೋನು, ಫೋನಿನ ಕಾಲಂನಲ್ಲಿ "ರಜೆಯಲ್ಲಿದ್ದಾರೆ". ತಂಗಿ ಕೂತು ಅದನ್ನೆಲ್ಲ ಅಕ್ಕಿ ಆರಿಸಿದಂತೆ ಆರಿಸುತ್ತಿದ್ದಳು. ಆಮೇಲೆ ಅಕ್ಕನ ಸರದಿ.

ಮೊದಮೊದಲು ಅಕ್ಕ ಒಂದೊಂದೇ ಹೆಸರನ್ನು ಶೀಟಿನಿಂದ ಎತ್ತಿ ಪುಟದಲ್ಲಿ ಅಂಟಿಸುತ್ತಿದ್ದಳು. ಕೈಪಿಡಿ ಮುಗಿಯುವಷ್ಟರಲ್ಲಿ ಬೆರಳು ಬಾತು, ಅರ್ಧ ಅಧಿಕಾರಿಗಳು ವರ್ಗವಾಗಿ, ಮತ್ತೆ ಮೊದಲಿನಿಂದ. ಒಂದು ದಿನ, "ಮಾಡಿದ್ದೇ ಮಾಡೋಕೆ ನಾನೇನು ಗಾಣದೆತ್ತಾ?" ಎಂದು ರೇಗಿ, ವಾರವಿಡೀ ತಿಣುಕಿ, ಇಡೀ ಶೀಟನ್ನು ಒಂದೇ ಸಲಕ್ಕೆ ಪುಟಕ್ಕೆ ಎಳೆದುಕೊಳ್ಳುವ ದಾರಿ ಕಂಡುಕೊಂಡಳು. ತಲೆಬರಹಕ್ಕೆ ಕಪ್ಪು ಪಟ್ಟಿ, ಹುದ್ದೆಗೆ ದಪ್ಪಕ್ಷರ, ಸಾಲು ಬಿಟ್ಟು ಸಾಲಿಗೆ ತೆಳು ಬೂದು ಬಣ್ಣ: ಎಲ್ಲವನ್ನೂ ಮೊದಲೇ ಹೇಳಿಟ್ಟರಾಯಿತು. ಗುಂಡಿ ಒತ್ತಿದರೆ ಹೆಸರುಗಳು ಶಾಲೆ ಬಿಟ್ಟ ಮಕ್ಕಳಂತೆ ನುಗ್ಗಿ ಬಂದು, ಪುಟದೊಳಗೆ ಕಾಲಿಟ್ಟದ್ದೇ ಹೆಡ್‌ಮೇಷ್ಟ್ರನ್ನು ಕಂಡಂತೆ ಸಾಲಾಗಿ ನಿಲ್ಲುತ್ತಿದ್ದವು. ಒಂದು ಪುಟ ಸಾಲದಿದ್ದರೆ ಇನ್ನೊಂದು ತಾನಾಗಿ ಹುಟ್ಟುತ್ತಿತ್ತು. ಬೀದಿಯವರು ಅವಳನ್ನು ಪುಟದಕ್ಕ ಎಂದು ಕರೆಯಲು ಶುರುಮಾಡಿದ್ದು ಆಗಲೇ.

ಆಗೊಮ್ಮೆ ನಗರಸಭೆಯಿಂದ ಒಂದು ಅಪ್ಪಣೆಯೂ ಬಂದಿತ್ತು. ದೊಡ್ಡ ಅಧಿಕಾರಿಗಳಿಗೆ ದೊಡ್ಡ ಅಕ್ಷರ, ಕೆಳಗಿನವರಿಗೆ ಸಣ್ಣದು. ಅಕ್ಕ ಫೋನಿನಲ್ಲಿ ಬೆಣ್ಣೆಯಂಥ ದನಿ ಮಾಡಿ, "ಅಯ್ಯೋ ಸಾರ್, ಈ ತಂತ್ರಾಂಶಕ್ಕೆ ಮೇಲು ಕೀಳು ಅನ್ನೋದು ಬರೋದೇ ಇಲ್ಲ" ಎಂದಿದ್ದಳು. ಫೋನಿಟ್ಟ ಮೇಲೆ ತಂಗಿಗೆ ಹೇಳಿದ್ದಳು: "ಬರತ್ತೆ. ಕಲಿಸಬಾರ್ದು."

ಹೀಗೆ ಎಳೆದುಕೊಳ್ಳುವ ಮುಂಚೆ ಅಕ್ಕ ಶೀಟಿನ ಕೊನೆಗೆ ಒಂದು ಸುಳ್ಳು ಸಾಲು ಸೇರಿಸಿ ಪರೀಕ್ಷೆ ಮಾಡುತ್ತಿದ್ದಳು. ಎಷ್ಟೇ ಉದ್ದದ ಹುದ್ದೆ ಬಂದರೂ ಪುಟ ತಡೆಯುತ್ತದೆಯೇ ಎಂದು ನೋಡಲು ಅವಳೇ ಹುಟ್ಟಿಸಿದ ಹುದ್ದೆ: "ಸಾರ್ವಜನಿಕರ ಸಮಸ್ತ ಕುಂದುಕೊರತೆಗಳನ್ನು ಖುದ್ದು ಆಲಿಸಿ ಪರಿಹರಿಸುವ ವಿಶೇಷ ಅಧಿಕಾರಿ." ಹೆಸರಿನ ಜಾಗದಲ್ಲಿ ತನ್ನ ಹೆಸರು, ಫೋನಿನ ಜಾಗದಲ್ಲಿ ಅಂಗಡಿಯ ನಂಬರು. ಪರೀಕ್ಷೆ ಮುಗಿದ ಮೇಲೆ ಅಳಿಸಿಬಿಡುತ್ತಿದ್ದಳು.

ಒಂದು ವರ್ಷ ಅಳಿಸಲಿಲ್ಲ. ಅಚ್ಚಿನವರು ಅವಸರ ಮಾಡಿದರು, ಕರೆಂಟು ಹೋಗಿ ಬಂತು, ಅಕ್ಕ ಫೈಲು ಕಳಿಸಿಬಿಟ್ಟಳು. ಕೈಪಿಡಿ ಮನೆಮನೆ ಸೇರಿದ ಮೇಲೆ ಫೋನು ಬಂತು.

"ಮೇಡಂ, ನಮ್ಮ ಬೀದೀಲಿ ನೀರಿನ ಪೈಪ್ ಒಡೆದು ಮೂರು ದಿನ ಆಯ್ತು."

ರಾಂಗ್ ನಂಬರ್ ಎನ್ನಲು ಅಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆಯ ಹೆಂಗಸು, "ನೀವು ಫೋನ್ ಎತ್ತಿದ್ದೇ ದೊಡ್ಡ ಉಪಕಾರ ತಾಯಿ," ಎಂದಳು. "ಇಡೀ ಪುಸ್ತಕದಲ್ಲಿ ನೀವೊಬ್ರೇ ಎತ್ತಿದ್ದು."

ಅಕ್ಕ ತೆರೆದ ಬಾಯಿ ಮುಚ್ಚಿ, ಪೆನ್ನು ಹುಡುಕಿದಳು.

* * *

ವ್ಯಾನು ಬಂತು. ಅಕ್ಕನನ್ನು ಮೇಜು ಇದ್ದ ಜಾಗದಲ್ಲಿಯೇ ಮಲಗಿಸಿದರು. ಗೋಡೆಯ ಮೇಲೆ ಅಲ್ಲಿಯೇ, ಅವಳ ಕುರ್ಚಿಯ ಬೆನ್ನು ಉಜ್ಜಿ ಉಜ್ಜಿ ಆದ ಗೀರು ಇತ್ತು.

ಜನ ಬರತೊಡಗಿದರು. ತಂಗಿ ನಿರೀಕ್ಷಿಸಿದ್ದು ಬೀದಿಯವರನ್ನು, ಅಚ್ಚಿನ ಮನೆಯವರನ್ನು, ಒಂದಷ್ಟು ನೆಂಟರನ್ನು. ಬಂದವರು ಬೇರೆಯೇ. ಊರಿನ ಆ ತುದಿಯಿಂದ, ಹೆಸರು ಕೇಳದ ಬಡಾವಣೆಗಳಿಂದ, ಎರಡು ಬಸ್ಸು ಬದಲಿಸಿ ಬಂದವರು. ಹೂವು ಇಟ್ಟು, ಕೈಮುಗಿದು, ತಾಡಪಾಲಿನಡಿ ಕೂತು ಪರಸ್ಪರ ಅಪರಿಚಿತರಂತೆ ಮುಖ ನೋಡಿಕೊಂಡರು.

"ಮೇಡಂ ಯಾವ ಇಲಾಖೇಲಿದ್ರು?" ಒಬ್ಬ ಮುದುಕ ಪಕ್ಕದವರನ್ನು ಕೇಳಿದ. "ಆಫೀಸಿನೋರು ಯಾರೂ ಕಾಣ್ತಿಲ್ಲ. ಒಂದು ಸರ್ಕಾರಿ ಗಾಡಿನಾದ್ರೂ ಬರ್ಬೇಕಾಗಿತ್ತಪ್ಪ."

"ಸರ್ಕಾರಿ ಗಾಡೀನಾ?" ಭಾವ ಒಳಗಿನಿಂದಲೇ ಗುಡುಗಿದರು. "ಅವಳಿಗೆ ಸೈಕಲ್ಲೂ ಇರ್ಲಿಲ್ಲ ಸ್ವಾಮಿ!"

"ಅಂದ್ರೆ... ಮೇಡಂ ಅಧಿಕಾರಿ ಅಲ್ವಾ?"

"ಪುಟ ಮಾಡೋಳು! ಪುಸ್ತಕದ ಪುಟ! ಅವಳ ಹೆಸರು ತಪ್ಪಿ ಅಚ್ಚಾಗಿದ್ದು!"

ಮುದುಕ ತಲೆ ಕೆರೆದುಕೊಂಡ. "ಮತ್ತೆ ನನ್ನ ಪಿಂಚಣಿ ಮಾಡಿಸ್ಕೊಟ್ಟಿದ್ದು?"

"ಅವಳೇ!"

"ನಮ್ಮ ಚರಂಡಿ?"

"ಅದೂ ಅವಳೇ. ನಿಮ್ಮ ಚರಂಡಿ ದೆಸೆಯಿಂದ ನನಗೆ ಎಷ್ಟು ದಿನ ಬಿಸಿ ಊಟ ತಪ್ಪಿದೆ ಗೊತ್ತೇನ್ರೀ?"

ಮೊದಲು ನಕ್ಕವಳು ಬೀದಿ ಗುಡಿಸುವ ಹೆಂಗಸರ ಹಿರಿಯಳು. ಊರಿಗೆಲ್ಲ ಅವಳು ದೊಡ್ಡಮ್ಮ. "ಅಯ್ಯೋ ನನ್ ತಾಯಿ! ನಾನು ಅವ್ಳನ್ನ ದೊಡ್ಡ ಆಫೀಸರು ಅಂದ್ಕೊಂಡು ಎದುರಿಗೆ ಕೂತ್ಕೊಳ್ಳೋಕೂ ಹೆದರ್ತಿದ್ನಲ್ಲೇ! 'ಕೈಗವಸು ಕೊಡ್ಸಿ ಮೇಡಂ, ಗಾಜು ಚುಚ್ಚತ್ತೆ' ಅಂತ ನಿಂತ್ಕೊಂಡೇ ಹೇಳ್ದೆ. ಅವ್ಳು ನೋಡಿದ್ರೆ, 'ಮೊದ್ಲು ಕೂತ್ಕೋ, ಇಲ್ದಿದ್ರೆ ನಾನೂ ನಿಂತ್ಕೋತೀನಿ' ಅಂದ್ಲು. ಆಫೀಸರ್ ಆಗಿದ್ರೆ ಹಂಗಂತಿದ್ಲಾ? ನನಗೆ ಆಗ್ಲೇ ಅನುಮಾನ ಬರ್ಬೇಕಾಗಿತ್ತು!"

ನಗು ಕುರ್ಚಿಯಿಂದ ಕುರ್ಚಿಗೆ ಹಬ್ಬಿತು. ಒಬ್ಬೊಬ್ಬರೂ ತಾವು ಮೋಸಹೋದ ಬಗೆಯನ್ನು ಬಹುಮಾನ ಬಂದವರಂತೆ ಹೇಳಿಕೊಂಡರು. ದಾರಿಹೋಕನೊಬ್ಬ ನಿಂತು, ಮದುವೆ ಮನೆಯೋ ಸಾವಿನ ಮನೆಯೋ ತಿಳಿಯದೆ ಟೈಲರನ್ನು ಕೇಳಿ ಮುಂದೆ ಹೋದ.

ಆದರೆ ನಕ್ಕು ಮುಗಿದ ಮೇಲೆ ದೊಡ್ಡಮ್ಮ ಎದ್ದುಬಂದು ತಂಗಿಯ ಪಕ್ಕ ನಿಂತಳು.

"ಇನ್ಮೇಲೆ ಯಾರು ಫೋನ್ ಎತ್ತೋದು ಮಗಾ? ನೀನಾ?"

ತಂಗಿ ತಲೆ ತಗ್ಗಿಸಿದಳು. ಅವಳು ಶೀಟಿನವಳು. ಗುರುತಿಲ್ಲದವರ ದನಿ ಕೇಳಿದರೆ ನಾಲಿಗೆ ಒಣಗುತ್ತಿತ್ತು. ಇಷ್ಟು ವರ್ಷದಲ್ಲಿ ಆ ಫೋನನ್ನು ಅವಳು ಒಂದು ಸಲವೂ ಎತ್ತಿರಲಿಲ್ಲ.

"ಆ ಸಾಲೇ ಇರಲ್ಲ ದೊಡ್ಡಮ್ಮ. ತೆಗೀಬೇಕು ಅಂತ ಹೇಳಿದಾರೆ. ಇವತ್ತೇ."

"ತೆಗೀದಿದ್ರೆ?"

"ಅಂಗಡಿ ಮುಚ್ಬೇಕು. ನಾನು, ಭಾವ ಮಣ್ಣು ತಿನ್ಬೇಕು."

ದೊಡ್ಡಮ್ಮ ಒಳಗೆ ಮಲಗಿದ್ದವಳ ಕಡೆ ನೋಡಿದಳು, ಆಮೇಲೆ ಬೀದಿಯಲ್ಲಿ ಉರಿಯುತ್ತಿದ್ದ ಕಂಪ್ಯೂಟರಿನ ಕಡೆ. "ಕುರ್ಚಿ ಮೇಲೆ ಕೂತೋರು ಕಿವಿ ಮುಚ್ಕೊಂಡ್ರೆ ಕೆಲಸ ಹೋಗಲ್ಲ. ಕಿವಿ ಕೊಟ್ಟೋಳ ಹೆಸರು ಇದ್ರೆ ಹೋಗತ್ತೆ," ಎಂದಳು. "ಯಾವ ನ್ಯಾಯಾನೋ ಇದು."

* * *

ಮೊದಲ ವರ್ಷ ಅಕ್ಕ ಬಂದ ಅಹವಾಲುಗಳನ್ನು ಬರೆದುಕೊಂಡು ತಾನೇ ಕಚೇರಿಗೆ ಹೋಗಿ ಹೇಳುತ್ತಿದ್ದಳು. ಈ ಮೇಜಿನವರು ಆ ಮೇಜಿಗೆ, ಆ ಮೇಜಿನವರು ಊಟಕ್ಕೆ. ಚಪ್ಪಲಿ ಸವೆದವೇ ಹೊರತು ಒಂದು ಕಲ್ಲೂ ಕದಲಲಿಲ್ಲ.

"ಇವರಿಗೆ ಬಾಯಿ ಮಾತು ನಾಟಲ್ಲ," ಎಂದು ಒಂದು ಸಂಜೆ ಬಂದು ಕೂತಳು. "ಇವರಿಗೆ ಗೊತ್ತಿರೋದು ಕಾಲಂ. ನೀನೊಂದು ಶೀಟು ಮಾಡು. ಬೀದಿ, ತೊಂದರೆ, ಯಾವ ವಿಭಾಗ, ಕೊನೇಲಿ ಬಾಕಿ ಅಥವಾ ಆಯ್ತು."

ತಂಗಿ ಶೀಟು ಮಾಡಿದಳು, ಅಕ್ಕ ಅದಕ್ಕೊಂದು ಪುಟ ಮಾಡಿದಳು. ಥೇಟು ನಗರಸಭೆಯ ಪ್ರಕಟಣೆಯದೇ ಅಚ್ಚು, ಅದೇ ಅಂಚು, ಅದೇ ಗಂಭೀರ ಮುಖ. ಒಂದೇ ವ್ಯತ್ಯಾಸ: ಕೊನೆಯ ಕಾಲಂನಲ್ಲಿ "ಬಾಕಿ" ಎಂದು ಕಂಡರೆ ಸಾಲಿಗೆ ಸಾಲೇ ಕೆಂಪಾಗುವಂತೆ, "ಆಯ್ತು" ಎಂದರೆ ಬಿಳಿಯಾಗುವಂತೆ ಅಕ್ಕ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದಳು. ಸೋಮವಾರ ಬೆಳಿಗ್ಗೆ ಆ ಹಾಳೆ ನಗರಸಭೆಯ ಗೇಟಿನ ಮೇಲೆ ಅಂಟಿಕೊಂಡಿತ್ತು. ಮೇಲಿಂದ ಕೆಳಗೆ ಕೆಂಪು. ದೂರದಿಂದ ನೋಡಿದರೆ ಗೇಟಿಗೆ ಬೆಂಕಿ ಬಿದ್ದಂತೆ.

ಮುಂದಿನ ಸೋಮವಾರ ಇನ್ನೊಂದು. ಅದರ ಮುಂದಿನ ಸೋಮವಾರ ಮತ್ತೊಂದು. ಜವಾನ ಹರಿಯಲು ಹೋದರೆ ಓದುತ್ತಿದ್ದ ಜನ ಬಿಡಲಿಲ್ಲ. ಹೇಳಿದರೆ ಕಿವಿಗೆ ಹಾಕಿಕೊಳ್ಳದವರು ಬಣ್ಣ ಕಂಡು ಹೆದರಿದರು. ನೀರಿನ ವಿಭಾಗದವನೊಬ್ಬ ಅಂಗಡಿಗೇ ಓಡಿಬಂದು, "ಪೈಪ್ ಹಾಕಿದೀವಿ ಕಣಮ್ಮಾ, ಬಿಳಿ ಮಾಡಿ!" ಎಂದು ಕೈ ಮುಗಿದ. ಅಕ್ಕ ಆ ಬೀದಿಯವರಿಗೆ ಫೋನು ಮಾಡಿ, ನೀರು ಬಂದಿದೆ ಎಂದು ಕೇಳಿಯೇ ಬಿಳಿ ಮಾಡಿದಳು.

ಇದಕ್ಕಿಂತ ದೊಡ್ಡ ತಮಾಷೆ ಮರುವರ್ಷ ಕಾದಿತ್ತು. ಹೊಸ ಕೈಪಿಡಿಗೆಂದು ನಗರಸಭೆ ಕಳಿಸಿದ ಶೀಟಿನಲ್ಲಿ ಅಕ್ಕನ ಹೆಸರಿತ್ತು. ಅವರು ಹಳೆಯ ಕೈಪಿಡಿಯನ್ನೇ ನೋಡಿಕೊಂಡು ಶೀಟು ತುಂಬಿದ್ದರು. ತುಂಬಿದವರು ಸುಮ್ಮನೆ ಬಿಡದೆ, ಎಲ್ಲರಿಗೂ ಇದ್ದಂತೆ ಅವಳಿಗೂ ಒಂದು ಕೊಠಡಿ ಬರೆದಿದ್ದರು: ಮಹಡಿ ಮೇಲಿನ ಕೊನೆಯ ಕೊಠಡಿ. ಅಕ್ಕ ನೋಡಿಬಂದಳು. ಅದು ಪೊರಕೆ ಇಡುವ ಕೋಣೆ.

ಅಲ್ಲಿಗೂ ಮುಗಿಯಲಿಲ್ಲ. ವಿಭಾಗ ಮುಖ್ಯಸ್ಥರ ಸಭೆಗೆ ಬರಬೇಕೆಂದು ಅವಳಿಗೆ ಸುತ್ತೋಲೆ ಬಂತು. ತಂಗಿ ಬೇಡವೆಂದಳು, ಭಾವ ಬೇಡವೆಂದರು. ಅಕ್ಕ ಒಗೆದ ಸೀರೆ ಉಟ್ಟು ಹೋಗಿ, ಕೊಟ್ಟ ಟೀ ಕುಡಿದು, "ನಮ್ಮ ವಿಭಾಗದ ಪ್ರಗತಿ ತೃಪ್ತಿಕರ, ನಿಮ್ಮದು ಹೇಗಿದೆ?" ಎಂದು ಕೇಳಿ ಬಂದಳು.

ಆ ದಿನಗಳಲ್ಲೇ ಒಬ್ಬ ಗಂಡಸು ಫೋನಿಗೆ ಬಟ್ಟೆ ಅಡ್ಡ ಹಿಡಿದು ಮಾತಾಡಿದ. ಅಕ್ಕ ಸ್ಪೀಕರಿಗೆ ಹಾಕಿದಳು.

"ವಿಷಯ ಏನಪ್ಪಾ ಅಂದ್ರೆ, ನಮ್ಮ ಬೀದೀಲಿ ದೀಪ ಇಲ್ಲ. ವಿಷಯ ಏನಪ್ಪಾ ಅಂದ್ರೆ, ನನ್ನ ಹೆಸರು ಹೇಳೋ ಹಾಗಿಲ್ಲ."

"ಯಾಕ್ರೀ? ಎಲ್ಲಿ ಕೆಲಸ ನಿಮ್ಗೆ?"

"ವಿಷಯ ಏನಪ್ಪಾ ಅಂದ್ರೆ... ನಗರಸಭೇಲೇ."

ಅಕ್ಕ ತಂಗಿ ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದರು. ಆ ಸಾಲೂ ಗೇಟಿನ ಮೇಲೆ ಕೆಂಪಾಯಿತು, ಆಮೇಲೆ ಬಿಳಿಯೂ ಆಯಿತು.

ಇಷ್ಟು ವರ್ಷ ನಡೆದ ಈ ನಾಟಕಕ್ಕೆ ತೆರೆ ಎಳೆದವರು ಹೊಸದಾಗಿ ಬಂದ ಲೆಕ್ಕ ಪರಿಶೋಧಕರು. ಕಚೇರಿಯಲ್ಲಿ ಒಬ್ಬ ಅಧಿಕಾರಿ ಇದುವರೆಗೆ ಸಂಬಳವನ್ನೇ ತೆಗೆದುಕೊಂಡಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಇದು ನಗರಸಭೆಯ ಇತಿಹಾಸದಲ್ಲಿ ಹಿಂದೆಂದೂ ನಡೆಯದ ಸಂಗತಿ. ಕೂಡಲೇ ತನಿಖೆ ಮಾಡಿಸಿದರು; ಸಾಲು ತೆಗೆಯುವ ಆದೇಶ ಹೊರಟಿದ್ದು ಹಾಗೆ.

* * *

ಅಕ್ಕನನ್ನು ಹೊರುವ ಹೊತ್ತಿಗೆ ಭಾವನ ಜೊತೆ ಹೆಗಲು ಕೊಡಲು ದೊಡ್ಡಮ್ಮನ ಗುಂಪಿನ ಹೆಂಗಸರು ಮುಂದೆ ಬಂದರು. ಯಾರೋ ಏನೋ ಗೊಣಗಿದರು. "ದಿನಾ ಊರಿನ ಕಸ ಹೊರೋ ಹೆಗಲು ಕಣಪ್ಪಾ," ದೊಡ್ಡಮ್ಮ ತಿರುಗಿಯೂ ನೋಡದೆ ಹೇಳಿದಳು. "ಇವತ್ತೊಂದಿನ ಹೂವು ಹೊರ್ಲಿ ಬಿಡು." ಗೊಣಗಿದವರು ದಾರಿ ಬಿಟ್ಟರು.

ಬೀದಿಯುದ್ದಕ್ಕೂ ಜನ ತಮ್ಮ ತಮ್ಮ ಸಾಲುಗಳನ್ನು ತೋರಿಸಿಕೊಂಡು ನಡೆದರು. ಈ ದೀಪದ ಕಂಬ ಮೇಡಂ ಹಾಕಿಸಿದ್ದು. ಈ ಮೋರಿ ಚಪ್ಪಡಿ ಅವರದ್ದೇ. ಭಾವ ಹೆಗಲು ಬದಲಿಸುತ್ತ, "ಗುಂಡಿ ನೋಡ್ಕೊಂಡು ನಡೀರಿ! ಎಡವಿದ್ರೆ ಎದ್ದು ಕೂತ್ಕೊಂಡು ಅದನ್ನೂ ಬರ್ಕೋತಾಳೆ!" ಎಂದರು. ಹೊತ್ತವರು ನಕ್ಕದ್ದಕ್ಕೆ ಅಕ್ಕ ಮೇಲೆ ಕೊಂಚ ತೂಗಾಡಿದಳು.

ಹಿಡಿ ಮಣ್ಣು ಹಾಕುವಾಗ ಮಾತ್ರ ಯಾರೂ ನಗಲಿಲ್ಲ. ಭಾವನ ದೊಡ್ಡ ದನಿ ಎಲ್ಲೋ ಹೋಗಿಬಿಟ್ಟಿತ್ತು. ತುಟಿ ಅಲುಗುವುದಷ್ಟೇ ಕಂಡಿತು. ತಂಗಿ ಮಣ್ಣನ್ನು ಮುಷ್ಟಿಯಲ್ಲಿಯೇ ಹಿಡಿದು ನಿಂತಳು. ಸಾಲು ತೆಗೆಯಬೇಕು. ತೆಗೆದು ಹೊಟ್ಟೆ ಹೊರೆದುಕೊಳ್ಳಬೇಕು. ಸತ್ತವಳ ಹೆಸರಿಟ್ಟುಕೊಂಡು ಯಾರಿಗೇನು ಉಪಯೋಗ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ನಿಜವೇ ಅನಿಸಿತು. ಆದರೂ ಮುಷ್ಟಿ ಬಿಡಿಸಲು ಹೊತ್ತು ಹಿಡಿಯಿತು.

ಮರಳಿ ಬಂದಾಗ ತಾಡಪಾಲಿನಡಿ ಕಂಪ್ಯೂಟರಿನ ಎದುರಿಗೆ ಬಗಲಲ್ಲಿ ಫೈಲು ಇಟ್ಟುಕೊಂಡು ಒಬ್ಬಾತ ಕೂತಿದ್ದ. ಪರದೆಯ ಕಡೆ ನೋಡಬಾರದೆಂದು ಪ್ರಯತ್ನಪಟ್ಟು ಆಕಾಶ ನೋಡುತ್ತಿದ್ದ. ತಂಗಿಯನ್ನು ಕಂಡು ಎದ್ದುನಿಂತ.

"ವಿಷಯ ಏನಪ್ಪಾ ಅಂದ್ರೆ, ನಾನು ಪ್ರಕಟಣೆ ಗುಮಾಸ್ತ. ಸಾವಿನ ಮನೆಗೆ ಹೀಗೆ ಬರ್ಬಾರ್ದು. ಆದ್ರೆ ವಿಷಯ ಏನಪ್ಪಾ ಅಂದ್ರೆ..."

ತಂಗಿ ಅವನನ್ನೇ ನೋಡಿದಳು. ಇಷ್ಟು ದಿನ ಅವನ ಸಂದೇಶ ಓದಿದ್ದಳೇ ಹೊರತು ದನಿ ಕೇಳಿರಲಿಲ್ಲ. ಕೇಳಿದ್ದಳು, ಒಂದೇ ಒಂದು ಸಲ, ಬಟ್ಟೆಯ ಹಿಂದಿನಿಂದ. ಅವಳ ನಾಲಿಗೆ ಎಂದಿನಂತೆ ಒಣಗಿತು. ಆದರೆ ಮಾತು ಹೇಗೋ ಹೊರಗೆ ಬಂದೇಬಿಟ್ಟಿತು.

"ನಿಮ್ಮ ಬೀದಿ ದೀಪ ಉರೀತಿದೆಯಾ ಸಾರ್?"

ಗುಮಾಸ್ತನ ಬಗಲಿನ ಫೈಲು ಜಾರಿತು. ಟೈಲರ್ ಅದನ್ನು ಗಾಳಿಯಲ್ಲೇ ಹಿಡಿದ.

"ಉರೀತಿದೆ," ಎಂದ ಗುಮಾಸ್ತ, ತೀರಾ ಸಣ್ಣ ದನಿಯಲ್ಲಿ. ಆಮೇಲೆ ಸುತ್ತ ಕೂತ ಜನರನ್ನು ನೋಡಿ ಮೆತ್ತಗೆ ಕುರ್ಚಿಗೆ ಕುಸಿದ. "ನಾನು ನಮ್ಮ ಆಫೀಸಿನಲ್ಲೇ ಮೂರು ಅರ್ಜಿ ಕೊಟ್ಟಿದ್ದೆ ಕಣಮ್ಮಾ. ಒಂದು ಅರ್ಜಿ ಸುತ್ತಿ ಸುತ್ತಿ ಕೊನೆಗೆ ನನ್ನ ಮೇಜಿಗೇ ಬಂತು."

ಭಾವ ಅವನ ಬೆನ್ನು ತಟ್ಟಿದ ರಭಸಕ್ಕೆ ಅವನ ಕನ್ನಡಕ ಅಲುಗಿತು. "ಹಾಗಾದ್ರೆ ನಮ್ಮೋನೇ ಬಿಡಿ! ಟೀ ಕೊಡ್ರಪ್ಪ ಇವರಿಗೆ!"

"ಟೀ ಬೇಡ ಸಾರ್. ಆ ಸಾಲು ತೆಗೀಲೇಬೇಕು. ಮೇಲಿನೋರು ಬರ್ದೇ ಕೊಟ್ಟಿದಾರೆ." ಫೈಲು ಬಿಚ್ಚಿ ಆದೇಶ ತೋರಿಸಿದ. "ನಾನು ಸಣ್ಣೋನು. ರುಜು ಹಾಕೋ ಕೈ ನಂದಾದ್ರೂ ತಲೆ ನಂದಲ್ಲ."

ತಂಗಿ ಕುರ್ಚಿ ಎಳೆದುಕೊಂಡು ಕೂತಳು. ಶೀಟು ತೆರೆದಳು. ಕೊನೆಯ ಸಾಲು ಅಕ್ಕನದು. ಅದರ ಮೇಲೆ ಕರ್ಸರು ಇಟ್ಟು, ಕಣ್ಣು ಮುಚ್ಚದೆ ಗುಂಡಿ ಒತ್ತಿದಳು. ಶೀಟು ಉಳಿಸಿ, ಪುಟಕ್ಕೆ ಬಂದು, ಹೊಸದನ್ನು ಎಳೆದುಕೊಳ್ಳುವಂತೆ ಹೇಳಿದಳು. ಪರದೆ ಒಂದು ಸಲ ಮಿಟುಕಿತು. ಅಷ್ಟು ಉದ್ದದ ಹುದ್ದೆ, ಅಕ್ಕನ ಹೆಸರು, ನಂಬರು, ಎಲ್ಲ ಹೋಗಿ ಕೆಳಗಿನ ಗೆರೆ ಮೇಲೆ ಬಂದು ಕೂತಿತ್ತು. ಅಲ್ಲೊಬ್ಬಳಿದ್ದಳು ಎಂಬುದಕ್ಕೆ ಒಂದು ಗೀರೂ ಉಳಿಯಲಿಲ್ಲ. ಗುಮಾಸ್ತ ಕನ್ನಡಕ ತೆಗೆದು ಒರೆಸಿಕೊಂಡ.

"ಏನಂತ ಬರ್ದಿದಾರೆ ಅದ್ರಲ್ಲಿ? ಪೂರ್ತಿ ಓದು," ದೊಡ್ಡಮ್ಮ ಕೇಳಿದಳು.

ಗುಮಾಸ್ತ ಓದಿದ. "ಸದರಿ ಮಹಿಳೆಯ ಹೆಸರಿರುವ ಸಾಲನ್ನು ತೆಗೆದುಹಾಕತಕ್ಕದ್ದು."

"ಅಷ್ಟೇನಾ?"

"ಅಷ್ಟೇ."

"ಬೇರೆಯೋರ ಹೆಸರು ಹಾಕ್ಬಾರ್ದು ಅಂತ?"

ಗುಮಾಸ್ತ ಆದೇಶವನ್ನು ತಿರುಗಿಸಿ ಹಿಂಬದಿ ನೋಡಿದ. ಮತ್ತೆ ಮುಂಬದಿ ನೋಡಿದ. ಇಡೀ ಜೀವನ ಆದೇಶಗಳ ನಡುವೆ ಕಳೆದವನ ಮುಖದಲ್ಲಿ, ಬೇಲಿಯಲ್ಲಿ ಕಂಡಿ ಕಂಡ ಮೇಕೆಯ ಬೆಳಕು ನಿಧಾನವಾಗಿ ಮೂಡಿತು. "ವಿಷಯ ಏನಪ್ಪಾ ಅಂದ್ರೆ," ಎಂದು ಶುರುಮಾಡಿ, ಮೊದಲ ಸಲ ತಡವರಿಸದೆ ಮುಗಿಸಿದ, "ಹಾಗೇನೂ ಬರ್ದಿಲ್ಲ."

"ಹಾಕು ಮಗಾ ನನ್ ನಂಬರು."

"ಅಧಿಕಾರಿ ಅಂತ ಮಾತ್ರ ಹಾಕ್ಬೇಡಿ!" ಗುಮಾಸ್ತ ಗಾಬರಿಯಾದ.

"ಥೂ, ಯಾರಿಗ್ ಬೇಕದು? 'ಫೋನ್ ಎತ್ತುವವರು' ಅಂತ ಹಾಕು."

ತಂಗಿ ಕೀಲಿಗಳ ಮೇಲೆ ಬೆರಳಿಟ್ಟಳು. ಹೊಸ ವಿಭಾಗ. ಫೋನ್ ಎತ್ತುವವರು. ಮೊದಲ ಸಾಲು ಖಾಲಿಯಾಗಿ ಕಾಯುತ್ತಿತ್ತು. ದೊಡ್ಡಮ್ಮ ನಂಬರು ಹೇಳಲು ಬಾಯಿ ತೆರೆದಳು.

"ಒಂದ್ನಿಮಿಷ ತಾಳಿ," ಎಂದಳು ತಂಗಿ. ಅಲ್ಲಿದ್ದ ಯಾರದೋ ತಣ್ಣಗಾದ ಟೀ ಎತ್ತಿ ಒಂದು ಗುಟುಕು ಕುಡಿದಳು. ಬೀದಿ: ಇದೇ ಬೀದಿ. ಹೆಸರು: ತನ್ನದು. ನಂಬರು: ತನ್ನದು. ಟೈಪು ಮಾಡಿ ಒಮ್ಮೆ ಓದಿಕೊಂಡಳು. ಆರಿಸಿ ತೆಗೆಯುವಂಥದ್ದೇನೂ ಕಾಣಲಿಲ್ಲ.

"ಈಗ ಹೇಳಿ ದೊಡ್ಡಮ್ಮ."

ದೊಡ್ಡಮ್ಮನ ಹಿಂದೆ ಟೈಲರ್. ಅವನ ಹಿಂದೆ ಪಿಂಚಣಿಯ ಮುದುಕ, "ನನಗೆ ರಾತ್ರಿ ನಿದ್ದೇನೇ ಬರಲ್ಲ, ಯಾವಾಗ್ ಬೇಕಾದ್ರೂ ಮಾಡ್ಲಿ" ಎಂದು. ಚರಂಡಿಯವರು, ಪೈಪಿನವರು, ಹಾಲು ಹಾಕುವವಳು. "ಭಾವ, ನಿಮ್ದು?" ಎಂದದ್ದಕ್ಕೆ ಭಾವ, "ನನಗೆ ಕಿವಿ ಕೇಳಲ್ಲ ಅಂತ ಬ್ರಾಕೆಟ್ಟಿನಲ್ಲಿ ಹಾಕು, ಜೋರಾಗಿ ಮಾತಾಡ್ಲಿ!" ಎಂದರು. ನೂಕುನುಗ್ಗಲು ಹೆಚ್ಚಾಗಿ ದೊಡ್ಡಮ್ಮನೇ ನಿಂತು ಸಾಲು ಮಾಡಿಸಿದಳು. ಸಾಲು ತಾಡಪಾಲು ದಾಟಿ, ಟೈಲರ್ ಅಂಗಡಿ ದಾಟಿ, ಬೀದಿಯ ತಿರುವಿನ ಆಚೆಗೆ ಹೋಯಿತು. ತಿರುವಿನಾಚೆ ಎಷ್ಟು ಜನ ಎಂಬುದು ಇಲ್ಲಿಂದ ಕಾಣುತ್ತಿರಲಿಲ್ಲ.

ಗುಮಾಸ್ತ ರುಜು ಹಾಕಲು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೇ ಇದ್ದ. ಸಾಲಿನಲ್ಲಿ ಒಂದು ಸಂದು ಸಿಕ್ಕಿದ್ದೇ ಬಗ್ಗಿ ತಂಗಿಯ ಕಿವಿಯಲ್ಲಿ ಹೇಳಿದ. "ಆಫೀಸಿಂದು ಬೇಡ. ಮನೇದು. ಸಂಜೆ ಮೇಲೆ."

ತಂಗಿ ಶೀಟು ಉಳಿಸಿ, ಪುಟಕ್ಕೆ ಹೊಸದನ್ನು ಎಳೆದುಕೊಂಡಳು. ಹೆಸರುಗಳು ನುಗ್ಗಿ ಬಂದವು. ಒಂದು ಬೂದು, ಒಂದು ಬಿಳಿ, ಒಂದು ಬೂದು, ಒಂದು ಬಿಳಿ. ಪುಟದ ತಳ ಮುಟ್ಟಿದವು. ಕೆಳಗಿನ ಮೂಲೆಯಲ್ಲಿ, ಜಾಗ ಸಾಲದೆಂದು ಹೇಳುವ ಕೆಂಪು ಚುಕ್ಕೆಯೊಂದು ಹೊತ್ತಿತು. ಆ ಕ್ಷಣಕ್ಕೇ ಪಕ್ಕದಲ್ಲಿ ಹೊಸ ಪುಟ ಬಂದು ನಿಂತಿತು, ಚುಕ್ಕೆ ಆರಿತು. ಅದರ ನೆತ್ತಿಯ ಮೇಲೆ ಕಪ್ಪು ಪಟ್ಟಿ, ಪಟ್ಟಿಯೊಳಗೆ ಫೋನ್ ಎತ್ತುವವರು. ಅದರಡಿ ಎರಡೇ ಎರಡು ಸಾಲು. ಮಿಕ್ಕಿದ್ದೆಲ್ಲ ಬಿಳಿ. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ಮಗುವನ್ನು ಕಂಕುಳಿಂದ ಕಂಕುಳಿಗೆ ಬದಲಿಸಿಕೊಂಡು, ಪರದೆಯ ಆ ಬಿಳಿ ಜಾಗದತ್ತ ಬೆರಳು ಮಾಡಿ, ತನ್ನ ನಂಬರಿನ ಮೊದಲ ಅಂಕಿ ಹೇಳಿದಳು.